ಲುಕಪ್ ಕೋಷ್ಟಕ ಮತ್ತು ಆಪ್ಟಿಮೈಸರ್: ಸಿಮ್ಯುಲೇಷನ್ ಮಾದರಿಗಳಲ್ಲಿ ಇವೆರಡರ ಸಂಬಂಧ

ಮಾನ್ಯ ಸಭಿಕರೇ,

ಸಿಮ್ಯುಲೇಷನ್ ತಂತ್ರಾಂಶಗಳಲ್ಲಿ ದಿನನಿತ್ಯ ಬಳಕೆಯಾಗುವ ಎರಡು ಸೌಲಭ್ಯಗಳ ಬಗ್ಗೆ ಇಂದು ಮಾತನಾಡುತ್ತೇನೆ. ಒಂದು ಲುಕಪ್ ಫಂಕ್ಷನ್, ಅಂದರೆ ಬರೆದಿಟ್ಟ ಕೋಷ್ಟಕದಿಂದ ಬೆಲೆ ಓದುವ ಸೌಲಭ್ಯ; ಇನ್ನೊಂದು ಆಪ್ಟಿಮೈಸೇಷನ್, ಅಂದರೆ ಮಾದರಿಯನ್ನು ಮತ್ತೆ ಮತ್ತೆ ಓಡಿಸಿ ಅತ್ಯುತ್ತಮ ಬೆಲೆಗಳನ್ನು ಹುಡುಕುವ ಸೌಲಭ್ಯ. ಆ ಹುಡುಕಾಟ ನಡೆಸುವ ಭಾಗವೇ ಆಪ್ಟಿಮೈಸರ್. ಇವನ್ನು ಸಾಮಾನ್ಯವಾಗಿ ಬೇರೆ ಬೇರೆ ಪಾಠಗಳಾಗಿ ಕಲಿಸುತ್ತಾರೆ. ಲುಕಪ್ ಎಂಬುದು ಮಾದರಿಯನ್ನು ಕಟ್ಟುವಾಗಿನ ಕೆಲಸ, ಆಪ್ಟಿಮೈಸೇಷನ್ ಎಂಬುದು ಕಟ್ಟಿ ಮುಗಿದ ಮೇಲೆ ಗುಂಡಿ ಒತ್ತಿ ಮಾಡಿಸುವ ಕೆಲಸ ಎಂಬ ಭಾವನೆ ಕಲಿಯುವವರಲ್ಲಿ ಬೇರೂರುವುದು ಇದರಿಂದಲೇ. ಈ ವಿಂಗಡಣೆಯನ್ನು ನಾನು ಒಪ್ಪುವುದಿಲ್ಲ. ಲುಕಪ್ ಕೋಷ್ಟಕವನ್ನು ಮನುಷ್ಯನು ಬರೆಯುವಾಗ ಅವನ ಗಮನವೆಲ್ಲ ವ್ಯವಸ್ಥೆ ಸಾಮಾನ್ಯವಾಗಿ ಓಡಾಡುವ ನಡುಭಾಗದ ಮೇಲಿರುತ್ತದೆ. ಆಪ್ಟಿಮೈಸರ್ ಅದೇ ಕೋಷ್ಟಕವನ್ನು ಓದುವಾಗ ಅದರ ಅಂಚುಗಳಿಗೆ, ಮಡಿಕೆಗಳಿಗೆ, ನಾವು ಯೋಚಿಸದೆ ಬಿಟ್ಟ ಮೂಲೆಗಳಿಗೆ ಹೋಗಿ ನಿಲ್ಲುತ್ತದೆ. ಆದ್ದರಿಂದ ಮುಂದೆ ಯಾವ ಕೋಷ್ಟಕ ಆಪ್ಟಿಮೈಸರ್‌ನ ಕೈಗೆ ಸಿಗಲಿದೆಯೋ ಅದನ್ನು ಮೊದಲ ದಿನದಿಂದಲೇ ಬೇರೆ ರೀತಿಯಲ್ಲಿ ಬರೆಯಬೇಕಾಗುತ್ತದೆ.

ಲುಕಪ್ ಫಂಕ್ಷನ್‌ನ ಮೂಲ ಕಲ್ಪನೆ ಸರಳವಾದದ್ದು. ಎರಡು ಪರಿಮಾಣಗಳ ನಡುವೆ ಸಂಬಂಧವಿದೆ ಎಂದು ಗೊತ್ತು, ಆದರೆ ಅದಕ್ಕೆ ಸೂತ್ರ ಗೊತ್ತಿಲ್ಲ. ಆಗ ಕೆಲವು ಬಿಂದುಗಳನ್ನು ಜೋಡಿಗಳಾಗಿ ಬರೆದು, ನಡುವಿನ ಬೆಲೆಗಳನ್ನು ಸರಳರೇಖೆಯಿಂದ ತುಂಬಿಕೊಳ್ಳುವಂತೆ ತಂತ್ರಾಂಶಕ್ಕೆ ಹೇಳುತ್ತೇವೆ. ಒಳಹರಿವು 0.5 ಇದ್ದಾಗ ಫಲ 0.8, ಒಳಹರಿವು 1 ಇದ್ದಾಗ ಫಲ 1 ಎಂದು ಬರೆದಿದ್ದರೆ, ಒಳಹರಿವು 0.6 ಆದಾಗ ತಂತ್ರಾಂಶ 0.84 ಎಂದು ಉತ್ತರಿಸುತ್ತದೆ. ಹೆಸರು ಒಂದೇ ರೀತಿ ಇರುವುದರಿಂದ ಸ್ಪ್ರೆಡ್‌ಶೀಟ್‌ನಿಂದ ಬಂದವರು ಇಲ್ಲಿ ಎಡವುವುದುಂಟು. ಸ್ಪ್ರೆಡ್‌ಶೀಟ್‌ನ ವಿ-ಲುಕಪ್, ಅಂದಾಜು ಹೊಂದಾಣಿಕೆಯ ಸ್ಥಿತಿಯಲ್ಲಿ, ಕೆಳಗಿನ ಸಾಲಿನ ಬೆಲೆಯನ್ನೇ ಎತ್ತಿ ಕೊಡುತ್ತದೆ; ನಡುವಿನ ಬೆಲೆಯನ್ನು ಲೆಕ್ಕ ಹಾಕುವುದಿಲ್ಲ. ಅದೇ ಕೋಷ್ಟಕ ಅಲ್ಲಿ ಮೆಟ್ಟಿಲುಗಳಾಗುತ್ತದೆ, ಇಲ್ಲಿ ಇಳಿಜಾರಾಗುತ್ತದೆ. ಆಪ್ಟಿಮೈಸೇಷನ್ನಿನ ದೃಷ್ಟಿಯಿಂದ ಇದು ದೊಡ್ಡ ವ್ಯತ್ಯಾಸವೆಂಬುದು ಮುಂದೆ ತಿಳಿಯುತ್ತದೆ.

ಈ ಕಲ್ಪನೆಗೆ, ಕಾಲದೊಡನೆ ಬದಲಾಗುವ ವ್ಯವಸ್ಥೆಗಳನ್ನು ಮಾದರಿಗಳಿಂದ ಅಧ್ಯಯನ ಮಾಡುವ ಸಿಸ್ಟಮ್ ಡೈನಮಿಕ್ಸ್ ಕ್ಷೇತ್ರದಷ್ಟೇ ವಯಸ್ಸಾಗಿದೆ. 1956ರಲ್ಲಿ ಎಂಐಟಿಯ ನಿರ್ವಹಣಾ ಶಾಲೆಗೆ ಬಂದ ಜೇ ಫಾರೆಸ್ಟರ್ ಅವರು ಆರಂಭಿಸಿದ ಕೆಲಸಕ್ಕಾಗಿ ಫಿಲಿಸ್ ಫಾಕ್ಸ್ ಮತ್ತು ಅಲೆಕ್ಸಾಂಡರ್ ಪ್ಯೂ ಅವರು ಡೈನಮೊ ಎಂಬ ಭಾಷೆಯನ್ನು ರೂಪಿಸಿದರು. ಆ ಭಾಷೆಯಲ್ಲಿ ಟೇಬಲ್ ಎಂಬ ಫಂಕ್ಷನ್ ಇತ್ತು. ಸಮಾನ ಅಂತರದ ಒಳಹರಿವುಗಳಿಗೆ ಬೆಲೆಗಳನ್ನು ಸಾಲಾಗಿ ಬರೆದರೆ ಸಾಕಿತ್ತು. ಅದರ ಜೊತೆಗೇ ಟ್ಯಾಬ್‌ಹೆಚ್‌ಎಲ್ ಎಂಬ ಇನ್ನೊಂದು ರೂಪವೂ ಇತ್ತು. ಒಳಹರಿವು ಕೋಷ್ಟಕದ ಎಲ್ಲೆ ದಾಟಿದರೆ ಅದು ಕೊನೆಯ ಬೆಲೆಯನ್ನೇ ಹಿಡಿದುಕೊಂಡಿರುತ್ತಿತ್ತು. ಎಲ್ಲೆಯಾಚೆ ಏನಾಗಬೇಕು ಎಂಬ ಪ್ರಶ್ನೆ ಆ ಕಾಲದಲ್ಲೇ ಎದ್ದಿತ್ತು ಎಂಬುದಕ್ಕೆ ಈ ಎರಡು ರೂಪಗಳೇ ಸಾಕ್ಷಿ. 1980ರ ದಶಕದ ನಡುವಿನಲ್ಲಿ ಬ್ಯಾರಿ ರಿಚ್ಮಂಡ್ ಅವರ ಸ್ಟೆಲ್ಲಾ ತಂತ್ರಾಂಶ ಬಂದ ಮೇಲೆ, ಕೋಷ್ಟಕವನ್ನು ಮೌಸ್‌ನಿಂದ ಪರದೆಯ ಮೇಲೆ ಎಳೆದು ಬಿಡಿಸಬಹುದಾಯಿತು. ಕ್ಷೇತ್ರಪರಿಣತರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರ ಅನುಭವವನ್ನು ಗೆರೆಯಾಗಿ ಬರೆಸಿಕೊಳ್ಳುವ ಆ ಸಾಧ್ಯತೆಯನ್ನು ನಾನು ಬಹಳ ಬೆಲೆಯುಳ್ಳದ್ದೆಂದು ಭಾವಿಸುತ್ತೇನೆ. ಸೂತ್ರ ಬರೆಯಲಾರದ ಅನುಭವಿ ವ್ಯಕ್ತಿಯೂ ಗೆರೆ ಎಳೆಯಬಲ್ಲರು.

ಈಗ ನನ್ನ ಮುಖ್ಯ ವಿಂಗಡಣೆಗೆ ಬರುತ್ತೇನೆ. ಮಾದರಿಯೊಂದರಲ್ಲಿರುವ ಲುಕಪ್‌ಗಳು ತಂತ್ರಾಂಶಕ್ಕೆ ಒಂದೇ ಜಾತಿಯವು. ಆದರೆ ನಮಗೆ ಅವು ಮೂರು ಜಾತಿಯವು. ಒಂದು ಜಲಾಶಯದ ಮಾದರಿಯನ್ನು ತೆಗೆದುಕೊಳ್ಳಿ. ನೀರಿನ ಸಂಗ್ರಹ ಇಷ್ಟಿದ್ದರೆ ನೀರಿನ ಮೇಲ್ಮೈ ವಿಸ್ತೀರ್ಣ ಇಷ್ಟು ಎಂಬ ಕೋಷ್ಟಕ ಸರ್ವೇಕ್ಷಣೆಯಿಂದ ಬರುತ್ತದೆ; ಆವಿಯಾಗುವ ನೀರಿನ ಲೆಕ್ಕಕ್ಕೆ ಅದು ಬೇಕು. ಇದು ಅಳತೆಯ ಲುಕಪ್. ನೀರಿನ ಕೊರತೆ ಹೆಚ್ಚಿದಂತೆ ಬಳಕೆದಾರರು ತಮ್ಮ ಬೇಡಿಕೆಯನ್ನು ಎಷ್ಟು ತಗ್ಗಿಸಿಕೊಳ್ಳುತ್ತಾರೆ ಎಂಬ ಕೋಷ್ಟಕವನ್ನು ಯಾರೂ ಅಳೆದಿರುವುದಿಲ್ಲ. ತಿಳಿದವರನ್ನು ಕೇಳಿ, ತರ್ಕಿಸಿ ಬರೆದಿರುತ್ತೇವೆ. ಇದು ಊಹೆಯ ಲುಕಪ್. ಸಂಗ್ರಹ ಇಷ್ಟಕ್ಕೆ ಇಳಿದಾಗ ಬೇಡಿಕೆಯ ಎಷ್ಟು ಭಾಗವನ್ನು ಬಿಡುಗಡೆ ಮಾಡಬೇಕು ಎಂಬ ಮೂರನೆಯ ಕೋಷ್ಟಕವು ಒಂದು ನಿಯಮ; ಅದನ್ನು ನಿರ್ವಾಹಕರು ತಮ್ಮ ಇಚ್ಛೆಯಂತೆ ಬದಲಿಸಬಲ್ಲರು. ಇದು ನಿರ್ಧಾರದ ಲುಕಪ್. ಆಪ್ಟಿಮೈಸೇಷನ್ನಿನಲ್ಲಿ ಅಳತೆಯದನ್ನು ಮುಟ್ಟುವಂತಿಲ್ಲ, ಊಹೆಯದನ್ನು ದತ್ತಾಂಶಕ್ಕೆ ಹೊಂದಿಸುವಾಗ ಮಾತ್ರ ಬದಲಿಸಬಹುದು, ನಿರ್ಧಾರದ್ದನ್ನು ಉತ್ತಮ ನೀತಿ ಹುಡುಕುವಾಗ ಬದಲಿಸಬಹುದು. ಈ ಗೆರೆಗಳು ಅಳಿಸಿಹೋದ ಮಾದರಿಯಲ್ಲಿ ಆಪ್ಟಿಮೈಸರ್ ಬಳಕೆದಾರರ ಸ್ವಭಾವವನ್ನೇ ಬದಲಿಸಿ, ಜಲಾಶಯವನ್ನು ಸುಧಾರಿಸಿದೆನೆಂದು ವರದಿ ಮಾಡುತ್ತದೆ. ಚರಾಂಶಗಳಿಗೆ ಹೆಸರಿಡುವಾಗಲೇ ಈ ಮೂರು ಜಾತಿಗಳನ್ನು ಗುರುತಿಸುವ ಪೂರ್ವಪದ ಸೇರಿಸುವುದು ಸಣ್ಣ ಕೆಲಸ. ಅದರಿಂದ ಆಗುವ ಉಪಕಾರ ದೊಡ್ಡದು.

ಅಂಚಿನ ತೊಂದರೆಯನ್ನು ಒಂದು ಪೂರ್ಣ ಉದಾಹರಣೆಯಿಂದ ತೋರಿಸುತ್ತೇನೆ. ಸಂಖ್ಯೆಗಳು ವಿವರಣೆಗಾಗಿ ನಾನೇ ಆರಿಸಿಕೊಂಡವು. ಒಂದು ಕಾರ್ಯಯೋಜನೆಯಲ್ಲಿ ಸಾಮಾನ್ಯ ಕೆಲಸದ ದಿನ 8 ಗಂಟೆಯದು. ನಿಜವಾಗಿ ದುಡಿದ ಗಂಟೆಗಳನ್ನು 8ರಿಂದ ಭಾಗಿಸಿದಾಗ ಬರುವ ಅನುಪಾತವೇ ಲುಕಪ್‌ನ ಒಳಹರಿವು. ದಣಿವಿನಿಂದ ಕುಗ್ಗಿದ ಗಂಟೆಯೊಂದರ ಉತ್ಪಾದಕತೆ ಅದರ ಫಲ. ಅನುಪಾತ 1 ಆದಾಗ ಉತ್ಪಾದಕತೆ 1, ಅನುಪಾತ 1.25 ಆದಾಗ 0.92, ಅನುಪಾತ 1.5 ಆದಾಗ 0.8 ಎಂದು ಮೂರು ಬಿಂದುಗಳನ್ನು ಬರೆದು ನಿಲ್ಲಿಸಿದೆವೆಂದುಕೊಳ್ಳಿ. ದಿನಕ್ಕೆ 12 ಗಂಟೆಗಿಂತ ಹೆಚ್ಚು ಯಾರೂ ದುಡಿಯುವುದಿಲ್ಲವಲ್ಲ, ಅಲ್ಲಿಗೆ ನಿಲ್ಲಿಸಿದ್ದು ಸಹಜವೇ. ಮಾದರಿಯನ್ನು ಓಡಿಸಿದಾಗ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಈಗ ದಿನದ ಒಟ್ಟು ಕೆಲಸವನ್ನು, ಅಂದರೆ ಅನುಪಾತ ಮತ್ತು ಉತ್ಪಾದಕತೆಗಳ ಗುಣಲಬ್ಧವನ್ನು, ಗರಿಷ್ಠಗೊಳಿಸುವಂತೆ ಆಪ್ಟಿಮೈಸರ್‌ಗೆ ಹೇಳಿ, ಅನುಪಾತಕ್ಕೆ 1ರಿಂದ 3ರ ವರೆಗಿನ ವ್ಯಾಪ್ತಿ ಕೊಡೋಣ. ಕೋಷ್ಟಕ 1.5ಕ್ಕೇ ಮುಗಿದಿದೆ, ಆಚೆಗೆ ತಂತ್ರಾಂಶ ಕೊನೆಯ ಬೆಲೆಯಾದ 0.8ನ್ನೇ ಹಿಡಿದುಕೊಳ್ಳುತ್ತದೆ. ಆದ್ದರಿಂದ ಅನುಪಾತ 2 ಆದಾಗ ಕೆಲಸ 1.6, ಅನುಪಾತ 3 ಆದಾಗ 2.4. ಆಪ್ಟಿಮೈಸರ್ ಅನುಮಾನವೇ ಇಲ್ಲದೆ 3ನ್ನು ಆರಿಸುತ್ತದೆ. ಅಂದರೆ ದಿನದ 24 ಗಂಟೆಯೂ ದುಡಿಯುವ, ನಿದ್ರೆಯೇ ಇಲ್ಲದ ತಂಡ ಅತ್ಯುತ್ತಮವೆಂಬುದು ಅದರ ಶಿಫಾರಸು. ಇಷ್ಟು ಚಿಕ್ಕ ಮಾದರಿಯಲ್ಲಿ ಈ ಅಸಂಬದ್ಧ ತಕ್ಷಣ ಕಣ್ಣಿಗೆ ಬೀಳುತ್ತದೆ. ನೂರಾರು ಸಮೀಕರಣಗಳ ಮಾದರಿಯಲ್ಲಿ ಅದೇ ತಪ್ಪು ನಾಲ್ಕು ಚರಾಂಶಗಳ ಹಿಂದೆ ಅಡಗಿ ಕುಳಿತಾಗ, ನಮಗೆ ಕಾಣುವುದು ಆಕರ್ಷಕವಾದ ಒಂದು ಫಲಿತಾಂಶ ಮಾತ್ರ.

ಕೋಷ್ಟಕವನ್ನು ಭೌತಿಕ ಮಿತಿಯವರೆಗೆ ವಿಸ್ತರಿಸುವುದು ಇದಕ್ಕೆ ಪರಿಹಾರ. ಅನುಪಾತ 3 ಎಂದರೆ ದಿನವಿಡೀ ದುಡಿಮೆ. ಅದನ್ನು ದಿನದಿನವೂ ಮುಂದುವರಿಸಿದರೆ ಉತ್ಪಾದಕತೆ 0 ಎನ್ನುವುದು ಯಾರಾದರೂ ಒಪ್ಪುವ ತುದಿ. ಅನುಪಾತ 2ಕ್ಕೆ, ಅಂದರೆ 16 ಗಂಟೆಗೆ, 0.5 ಎಂದಿಡೋಣ. ಈಗ 16 ಗಂಟೆ ದುಡಿದರೂ 8 ಗಂಟೆಯ ಫಲವೇ ದೊರೆಯುತ್ತದೆ. 20 ಗಂಟೆ ದುಡಿದರೆ 0.625. ಆಪ್ಟಿಮೈಸರ್ ಈ ಸಲ ಅನುಪಾತ 1.5ಕ್ಕೆ, ಅಂದರೆ 12 ಗಂಟೆಗೆ, ಬಂದು ನಿಲ್ಲುತ್ತದೆ, ಕೆಲಸ 1.2. ಫಲಿತಾಂಶ ನಂಬುವಂತಿದೆ. ಆದರೂ ನಾನು ಇಲ್ಲಿ ನಿಲ್ಲಬಾರದೆನ್ನುತ್ತೇನೆ. 1.5 ಎಂಬುದು ನಾವೇ ಇಟ್ಟ ಬಿಂದು. ಕೋಷ್ಟಕದ ಗೆರೆ ಮಡಿಯುವ ಜಾಗ. ಆ ಬಿಂದುವಿನ ಎಡಗಡೆ ಗುಣಲಬ್ಧ ಇನ್ನೂ ಏರುತ್ತಿದೆ, ಬಲಗಡೆ ಆಗಲೇ ಇಳಿಯುತ್ತಿದೆ. ಶಿಖರ ಸರಿಯಾಗಿ ಮಡಿಕೆಯ ಮೇಲೆಯೇ ಬಿದ್ದಿದೆ. ಮಡಿಕೆಯನ್ನು 1.4ರಲ್ಲೋ 1.6ರಲ್ಲೋ ಇಟ್ಟಿದ್ದರೆ ಶಿಖರವೂ ಅತ್ತಿತ್ತ ಸರಿಯಬಹುದಿತ್ತು. 12 ಗಂಟೆ ಎಂಬ ಆ ನಿಖರ ಉತ್ತರದಲ್ಲಿ ದುಡಿಯುವವರ ದಣಿವಿನ ಬಗ್ಗೆ ಎಷ್ಟು ಮಾಹಿತಿ ಇದೆಯೋ, ಬಿಂದುಗಳನ್ನು ದುಂಡು ಸಂಖ್ಯೆಗಳಲ್ಲಿ ಇಡುವ ನಮ್ಮ ಅಭ್ಯಾಸದ ಬಗ್ಗೆಯೂ ಅಷ್ಟೇ ಇದೆ.

ಅದೇ ಲೆಕ್ಕವನ್ನು ಇನ್ನೊಂದು ಕಡೆಯಿಂದ ನೋಡಿ. ಅನುಪಾತ 1.4 ಆದಾಗ ಕೆಲಸ 1.187, ಅನುಪಾತ 1.6 ಆದಾಗ 1.184. ದಿನಕ್ಕೆ ಸುಮಾರು 11 ಗಂಟೆಯಿಂದ 13 ಗಂಟೆಯವರೆಗೆ ಎಲ್ಲಿ ನಿಂತರೂ ವ್ಯತ್ಯಾಸ ಶೇ. 2ನ್ನೂ ಮುಟ್ಟುವುದಿಲ್ಲ. ಹಾಗಾಗಿ ಇಲ್ಲಿ ವರದಿ ಮಾಡಬೇಕಾದದ್ದು ಒಂದು ಸಂಖ್ಯೆಯನ್ನಲ್ಲ, ಚಪ್ಪಟೆಯಾದ ಒಂದು ಪ್ರದೇಶವನ್ನು. ಆ ಪ್ರದೇಶದೊಳಗೆ ಆಯ್ಕೆ ಮಾಡುವಾಗ, ಮಾದರಿಯಲ್ಲಿ ಸೇರದ ಕಾರಣಗಳಿಗೆ, ಮುಖ್ಯವಾಗಿ ದುಡಿಯುವವರ ಆರೋಗ್ಯಕ್ಕೆ, ಆದ್ಯತೆ ಕೊಡಲು ಧಾರಾಳವಾಗಿ ಅವಕಾಶವಿದೆ. ಆಪ್ಟಿಮೈಸರ್ ಕೊಟ್ಟ ಒಂದೇ ಸಂಖ್ಯೆಯನ್ನು ಹಿಡಿದುಕೊಂಡವರಿಗೆ ಈ ಸ್ವಾತಂತ್ರ್ಯ ಕಾಣುವುದೇ ಇಲ್ಲ.

ಎಲ್ಲೆಯಾಚೆಗಿನ ನಡವಳಿಕೆ ತಂತ್ರಾಂಶದಿಂದ ತಂತ್ರಾಂಶಕ್ಕೆ ಬದಲಾಗುತ್ತದೆ. ವೆನ್ಸಿಮ್ ಸಾಮಾನ್ಯವಾಗಿ ಕೊನೆಯ ಬೆಲೆಯನ್ನು ಹಿಡಿದುಕೊಳ್ಳುತ್ತದೆ, ಒಳಹರಿವು ಎಲ್ಲೆ ದಾಟಿತೆಂದು ಎಚ್ಚರಿಕೆಯನ್ನೂ ಕೊಡುತ್ತದೆ. ಗೆರೆಯನ್ನು ಮುಂದಕ್ಕೆ ಚಾಚಬೇಕಾದರೆ ಅದಕ್ಕೆ ಬೇರೆಯದೇ ಫಂಕ್ಷನ್ ಇದೆ. ಎನಿಲಾಜಿಕ್‌ನ ಟೇಬಲ್ ಫಂಕ್ಷನ್‌ನಲ್ಲಿ ದೋಷವೆಂದು ನಿಲ್ಲಿಸುವುದು, ಹತ್ತಿರದ ಬೆಲೆಯನ್ನು ಕೊಡುವುದು, ಆವರ್ತಿಸುವುದು, ಮುಂದಕ್ಕೆ ಚಾಚುವುದು ಎಂಬ ಆಯ್ಕೆಗಳಿವೆ. 2015ರಲ್ಲಿ ಮಾನಕಗಳನ್ನು ರೂಪಿಸುವ ಓಯಸಿಸ್ ಸಂಸ್ಥೆ, ಮಾದರಿಗಳನ್ನು ತಂತ್ರಾಂಶಗಳ ನಡುವೆ ಸಾಗಿಸಲೆಂದು ಅಂಗೀಕರಿಸಿದ ಎಕ್ಸ್‌ಮೈಲ್ ಎಂಬ ಮಾನಕವೂ ಲುಕಪ್‌ಗಳನ್ನು ನಿರಂತರ, ಚಾಚುವ, ಮೆಟ್ಟಿಲಿನ ಎಂದು ಮೂರು ಬಗೆಯಾಗಿ ಗುರುತಿಸುತ್ತದೆ. ಮಾದರಿಯನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಾಗಿಸಿದವರು ಮೊದಲು ಪರೀಕ್ಷಿಸಬೇಕಾದ ವಿಷಯ ಇದೇ. ಆಪ್ಟಿಮೈಸೇಷನ್ ಮಾಡುವ ಮಾದರಿಯಲ್ಲಿ, ಸಾಧ್ಯವಿದ್ದರೆ, ಎಲ್ಲೆ ದಾಟಿದೊಡನೆ ದೋಷವೆಂದು ನಿಲ್ಲಿಸುವ ಆಯ್ಕೆಯೇ ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಎಚ್ಚರಿಕೆಯ ಸಾಲುಗಳು ಸಾವಿರಾರು ಓಟಗಳ ನಡುವೆ ಯಾರ ಕಣ್ಣಿಗೂ ಬೀಳುವುದಿಲ್ಲ. ಆ ಸೌಲಭ್ಯವಿಲ್ಲದ ಕಡೆ, ಒಳಹರಿವು ಎಲ್ಲೆಯ ಹೊರಗೆ ಕಳೆದ ಸಮಯವನ್ನು ಕೂಡಿಸುವ ಒಂದು ಸಂಚಯವನ್ನು, ಅಂದರೆ ಮೊತ್ತವನ್ನು ಹಿಡಿದಿಡುವ ಚರಾಂಶವನ್ನು, ಮಾದರಿಗೆ ಸೇರಿಸಿ, ಅದರ ಅಂತಿಮ ಬೆಲೆ ಸೊನ್ನೆಯಲ್ಲದಿದ್ದರೆ ಬೀಳುವ ದಂಡವನ್ನು ಗುರಿಯಲ್ಲಿ, ಅಂದರೆ ಆಪ್ಟಿಮೈಸರ್ ಹೆಚ್ಚಿಸಬೇಕಾದ ಅಥವಾ ತಗ್ಗಿಸಬೇಕಾದ ಬೆಲೆಯಲ್ಲಿ, ಇಡಬಹುದು.

ಮಡಿಕೆಗಳನ್ನು ಹೋಗಲಾಡಿಸಲು ಕೆಲವರು ಬಿಂದುಗಳ ಮೂಲಕ ನಯವಾಗಿ ಬಾಗಿ ಸಾಗುವ ಸ್ಪ್ಲೈನ್ ರೇಖೆಯನ್ನು ಆರಿಸಿಕೊಳ್ಳುತ್ತಾರೆ. ಸಾಧಾರಣ ಘನ ಸ್ಪ್ಲೈನ್‌ನಲ್ಲಿ ಬೇರೆಯದೇ ಅಪಾಯವಿದೆ: ಬಿಂದುಗಳೆಲ್ಲ ಕ್ರಮವಾಗಿ ಏರುತ್ತಿದ್ದರೂ ನಡುವಿನ ರೇಖೆ ಉಬ್ಬಿ ತಗ್ಗಬಹುದು, ಸೊನ್ನೆಗಿಂತ ಕೆಳಗೂ ಇಳಿಯಬಹುದು. ಆಪ್ಟಿಮೈಸರ್ ಆ ಉಬ್ಬನ್ನು ಹುಡುಕಿ ಹಿಡಿಯುತ್ತದೆ. ಏರಿಕೆಯ ಕ್ರಮವನ್ನು ಕಾಪಾಡುವ ಘನ ರೇಖೆಗಳಿಗೆ ಫ್ರಿಚ್ ಮತ್ತು ಕಾರ್ಲ್ಸನ್ ಅವರು 1980ರಲ್ಲಿ ಕೊಟ್ಟ ವಿಧಾನ ಈ ಕೊರತೆಯನ್ನು ನೀಗುತ್ತದೆ. ಆದರೆ ಬಹಳಷ್ಟು ಸಂದರ್ಭಗಳಲ್ಲಿ ಇದಕ್ಕಿಂತ ಒಳ್ಳೆಯ ದಾರಿ, ಕೋಷ್ಟಕವನ್ನೇ ಬಿಟ್ಟು ಎರಡು ಮೂರು ನಿಯತಾಂಕಗಳ, ಅಂದರೆ ನಾವೇ ಬೆಲೆ ಕೊಡುವ ಸ್ಥಿರಾಂಕಗಳ, ಒಂದು ಸೂತ್ರಕ್ಕೆ ಹೋಗುವುದು. 1838ರಲ್ಲಿ ವೆರ್ಹುಲ್ಸ್ಟ್ ಜನಸಂಖ್ಯೆಯ ಬೆಳವಣಿಗೆಗಾಗಿ ಮುಂದಿಟ್ಟ ಲಾಜಿಸ್ಟಿಕ್ ರೇಖೆಗೆ ಕೆಳಮಿತಿ, ಮೇಲ್ಮಿತಿ, ನಡುಬಿಂದು, ಏರಿನ ತೀವ್ರತೆ ಎಂಬ ನಾಲ್ಕು ಅಂಶಗಳಷ್ಟೇ ಸಾಕು. ಎರಡು ಮಿತಿಗಳು ಸಾಮಾನ್ಯವಾಗಿ ಗೊತ್ತಿರುವುದರಿಂದ ಹುಡುಕಬೇಕಾದವು ಎರಡೇ ಉಳಿಯುತ್ತವೆ. ಪರಿಣತರು ಎಳೆದ ಗೆರೆ ಎಸ್ ಆಕಾರದಲ್ಲಿದ್ದರೆ ಅದನ್ನು ಹೀಗೆ ಬದಲಿಸುವುದರಿಂದ ಏನೂ ನಷ್ಟವಿಲ್ಲ.

ಹುಡುಕಾಟದ ಆಯಾಮ, ಅಂದರೆ ಒಟ್ಟಿಗೆ ಹುಡುಕಬೇಕಾದ ಬೆಲೆಗಳ ಸಂಖ್ಯೆ, ಎಷ್ಟು ಮುಖ್ಯವೆಂದು ಇಲ್ಲಿ ಲೆಕ್ಕ ಹಾಕೋಣ. 10 ಬಿಂದುಗಳ ಲುಕಪ್‌ನ ಎಲ್ಲ ಎತ್ತರಗಳನ್ನೂ ಸ್ವತಂತ್ರವಾಗಿ ಬಿಟ್ಟು, ಒಂದೊಂದಕ್ಕೆ 5 ಬೆಲೆಗಳಂತೆ ಎಲ್ಲ ಸಂಯೋಜನೆಗಳನ್ನೂ ಓಡಿಸಿದರೆ 97,65,625 ಓಟಗಳಾಗುತ್ತವೆ. ಓಟವೊಂದಕ್ಕೆ ಸೆಕೆಂಡಿನ ಹತ್ತನೆಯ ಒಂದು ಭಾಗ ಸಾಕೆಂದರೂ 11 ದಿನ ಮೀರುತ್ತದೆ. ಮೂರು ನಿಯತಾಂಕಗಳ ಸೂತ್ರಕ್ಕೆ 125 ಓಟಗಳು, 12.5 ಸೆಕೆಂಡು. ತಂತ್ರಾಂಶಗಳು ಹೀಗೆ ಎಲ್ಲವನ್ನೂ ಎಣಿಸುತ್ತ ಹೋಗುವುದಿಲ್ಲ, ನಿಜ. ಆದರೆ ಯಾವ ಜಾಣ ವಿಧಾನವೂ ಆಯಾಮದ ಭಾರದಿಂದ ಪೂರ್ತಿ ಬಿಡುಗಡೆ ಪಡೆದಿಲ್ಲ.

ಆ ಜಾಣ ವಿಧಾನಗಳ ಸ್ವಭಾವವನ್ನು ಸ್ವಲ್ಪ ತಿಳಿದಿರಬೇಕು. ವೆನ್ಸಿಮ್ ಬಳಸುವುದು ಮೈಕೆಲ್ ಪೊವೆಲ್ ಅವರು 1964ರಲ್ಲಿ ಪ್ರಕಟಿಸಿದ ವಿಧಾನವನ್ನು ಆಧರಿಸಿದ ಹುಡುಕಾಟ. ಇದಕ್ಕೆ ಅವಕಲನ, ಅಂದರೆ ಇಳಿಜಾರಿನ ಲೆಕ್ಕ, ಬೇಕಿಲ್ಲ. ಒಂದೊಂದು ದಿಕ್ಕಿನಲ್ಲಿ ಸಾಗಿ ಗುರಿಯ ಬೆಲೆ ಎಲ್ಲಿ ಹೆಚ್ಚುತ್ತದೆಂದು ನೋಡುತ್ತ, ದಿಕ್ಕುಗಳನ್ನು ತಿದ್ದಿಕೊಳ್ಳುತ್ತ ಹೋಗುತ್ತದೆ. ಮಂಜಿನಲ್ಲಿ ಬೆಟ್ಟ ಹತ್ತುವವನು ಕಾಲಡಿಯ ಏರನ್ನಷ್ಟೇ ನಂಬಿ ನಡೆಯುವಂತೆ ಇದೂ ಹತ್ತಿರದ ಶಿಖರದಲ್ಲಿ ನಿಂತುಬಿಡಬಹುದು. ಆದ್ದರಿಂದ ಬೇರೆ ಬೇರೆ ಆರಂಭದ ಬಿಂದುಗಳಿಂದ ಪುನಃ ಪುನಃ ಹೊರಡಿಸುವ ಆಯ್ಕೆಯನ್ನು ಬಳಸಲೇಬೇಕು. ಎನಿಲಾಜಿಕ್ ಮುಂತಾದವುಗಳಲ್ಲಿರುವ ಆಪ್ಟ್‌ಕ್ವೆಸ್ಟ್, ಫ್ರೆಡ್ ಗ್ಲೋವರ್ ಅವರ ಟಾಬು ಸರ್ಚ್ ಮತ್ತು ಸ್ಕ್ಯಾಟರ್ ಸರ್ಚ್ ಎಂಬ ಹುಡುಕಾಟದ ವಿಧಾನಗಳ ಚಿಂತನೆಗಳ ಪರಂಪರೆಯದು. ಮಾದರಿಯ ಒಳಗನ್ನು ನೋಡದೆ, ಕೊಟ್ಟದ್ದು ಮತ್ತು ಬಂದದ್ದು ಇವೆರಡನ್ನೇ ಹೋಲಿಸಿ ಮುಂದುವರಿಯುತ್ತದೆ.

ಇವುಗಳಲ್ಲಿ ಯಾವುದಕ್ಕೇ ಆಗಲಿ, ಲುಕಪ್‌ನ ಚಪ್ಪಟೆ ಭಾಗ ಒಂದು ಬಂಜರು. ಒಳಹರಿವು ಎಲ್ಲೆಯಾಚೆ ಇದ್ದು ಫಲ ಬದಲಾಗದೆ ನಿಂತರೆ, ಯಾವ ಕಡೆ ಹೋಗಬೇಕೆಂಬ ಸುಳಿವೇ ಸಿಗುವುದಿಲ್ಲ. ಸ್ಥಳೀಯ ಹುಡುಕಾಟ ಅಲ್ಲೇ ನಿಂತು, ಅದನ್ನೇ ಉತ್ತರವೆಂದು ಘೋಷಿಸುತ್ತದೆ. ಮೆಟ್ಟಿಲಿನ ಲುಕಪ್‌ಗಳು ಇದೇ ತೊಂದರೆಯನ್ನು ಎಲ್ಲ ಕಡೆಯೂ ಹರಡುತ್ತವೆ. ಯಾದೃಚ್ಛಿಕ ಅಂಶಗಳಿರುವ ಮಾದರಿಯಲ್ಲಿ ಪ್ರತಿ ಓಟಕ್ಕೂ ಹೊಸ ಬೀಜಸಂಖ್ಯೆ, ಅಂದರೆ ಯಾದೃಚ್ಛಿಕ ಸಂಖ್ಯೆಗಳ ಸರಣಿಯನ್ನು ಹೊರಡಿಸುವ ಸಂಖ್ಯೆ, ಬಳಸಿದರೆ, ನಿಯತಾಂಕ ಬದಲಾಗದಿದ್ದರೂ ಗುರಿಯ ಬೆಲೆ ನಡುಗುತ್ತದೆ. ಹೋಲಿಸುವ ಓಟಗಳಿಗೆಲ್ಲ ಅವೇ ಬೀಜಸಂಖ್ಯೆಗಳ ಗುಂಪನ್ನು ಕೊಡುವುದು ಇದಕ್ಕೆ ಬಹುಕಾಲದಿಂದ ತಿಳಿದಿರುವ ಉಪಾಯ.

ಕಾಲದ ಹೆಜ್ಜೆಯೂ, ಅಂದರೆ ಮಾದರಿ ಒಂದು ಲೆಕ್ಕದಿಂದ ಮುಂದಿನದಕ್ಕೆ ಹಾಯುವ ಕಾಲದ ಅಂತರವೂ, ಆಪ್ಟಿಮೈಸರ್‌ಗೆ ನುಸುಳಲು ಸಿಗುವ ಒಂದು ಬಿರುಕು. ಸಂಗ್ರಹ ಬರಿದಾಗುತ್ತಿದ್ದಂತೆ ಹೊರಹರಿವನ್ನು ಸೊನ್ನೆಗೆ ತರುವ ಲುಕಪ್ ಬರೆದಿರುತ್ತೇವೆ. ಹೆಜ್ಜೆ ದೊಡ್ಡದಾಗಿದ್ದರೆ ಒಂದೇ ಹೆಜ್ಜೆಯಲ್ಲಿ ಸಂಗ್ರಹ ಸೊನ್ನೆಯನ್ನು ಹಾಯ್ದು ಋಣವಾಗಿಬಿಡುತ್ತದೆ. ಇಲ್ಲದ ನೀರನ್ನು ಬಿಡುಗಡೆ ಮಾಡುವ ಈ ಅವಕಾಶವನ್ನು ಆಪ್ಟಿಮೈಸರ್ ಬಿಟ್ಟುಕೊಡುವುದಿಲ್ಲ. ಅತ್ಯುತ್ತಮವೆಂದು ಬಂದ ಬೆಲೆಗಳನ್ನಿಟ್ಟು, ಹೆಜ್ಜೆಯನ್ನು ಅರ್ಧ ಮಾಡಿ ಇನ್ನೊಮ್ಮೆ ಓಡಿಸಿ. ಗುರಿಯ ಬೆಲೆ ಗಮನಾರ್ಹವಾಗಿ ಬದಲಾದರೆ ಹಿಂದಿನ ಹುಡುಕಾಟವೆಲ್ಲ ಮತ್ತೆ ಆಗಬೇಕು. ಹೆಜ್ಜೆಗೆ 0.1ರ ಬದಲು 0.125 ಅಥವಾ 0.0625 ಇಡುವುದು ಲೇಸು, ಏಕೆಂದರೆ ದ್ವಿಮಾನ ಪದ್ಧತಿಯಲ್ಲಿ ಅವು ಉಳಿಕೆಯಿಲ್ಲದೆ ಕೂರುತ್ತವೆ.

ದತ್ತಾಂಶಕ್ಕೆ ಹೊಂದಿಸುವ ಕೆಲಸದಲ್ಲಿ, ಅಂದರೆ ಕ್ಯಾಲಿಬ್ರೇಷನ್ನಿನಲ್ಲಿ, ಊಹೆಯ ಲುಕಪ್‌ಗಳನ್ನು ಸಡಿಲಿಸುತ್ತೇವೆ. ವೆನ್ಸಿಮ್‌ನಲ್ಲಿ ದತ್ತಾಂಶವಿರುವ ಪ್ರತಿ ಕ್ಷಣದಲ್ಲೂ ಮಾದರಿಗೂ ದತ್ತಾಂಶಕ್ಕೂ ಇರುವ ಅಂತರವನ್ನು ತೂಕದಿಂದ ಗುಣಿಸಿ, ವರ್ಗ ಮಾಡಿ, ಗುರಿಯಿಂದ ಕಳೆಯಲಾಗುತ್ತದೆ. ಅಳತೆಯ ದೋಷದ ಪ್ರಮಾಣ ವಿಚಲನೆ ಎಷ್ಟೋ ಅದರ ವಿಲೋಮವೇ ಸೂಕ್ತ ತೂಕ. ಇಲ್ಲಿ ಮೂರು ಎಚ್ಚರಗಳು ಬೇಕು, ಮೂರೂ ಲುಕಪ್‌ನ ರಚನೆಗೆ ಸಂಬಂಧಿಸಿದವು. ಲುಕಪ್ ಒಂದು ಸ್ಥಿರಾಂಕದೊಡನೆ ಗುಣಾಕಾರದಲ್ಲಿದ್ದರೆ, ಸ್ಥಿರಾಂಕವನ್ನು ದ್ವಿಗುಣಗೊಳಿಸಿ ಕೋಷ್ಟಕವನ್ನು ಅರ್ಧ ಮಾಡಿದರೂ ಫಲ ಅದೇ. ದತ್ತಾಂಶ ಎಷ್ಟೇ ಇದ್ದರೂ ಇವೆರಡನ್ನು ಬೇರ್ಪಡಿಸಲಾಗದು. ಒಳಹರಿವನ್ನು ಸಾಮಾನ್ಯ ಸ್ಥಿತಿಯ ಬೆಲೆಯಿಂದ ಭಾಗಿಸಿ, ಕೋಷ್ಟಕ ಯಾವಾಗಲೂ 1 ಮತ್ತು 1 ಎಂಬ ಬಿಂದುವಿನ ಮೂಲಕ ಹಾಯಬೇಕೆಂದು ಕಟ್ಟಿಹಾಕುವ ಹಳೆಯ ಸಂಪ್ರದಾಯ ಈ ಗೊಂದಲವನ್ನು ಒಂದೇ ಏಟಿಗೆ ತೊಡೆಯುತ್ತದೆ. ಎರಡನೆಯದು ಏರಿಕೆಯ ಕ್ರಮ. ಬಿಂದುಗಳ ಎತ್ತರಗಳನ್ನು ಸ್ವತಂತ್ರವಾಗಿ ಬಿಟ್ಟರೆ, ದತ್ತಾಂಶದಲ್ಲಿರುವ ಗದ್ದಲವನ್ನು ಹಿಂಬಾಲಿಸಿ ಕೋಷ್ಟಕ ಗರಗಸದ ಹಲ್ಲುಗಳಂತಾಗುತ್ತದೆ. ಎತ್ತರಗಳಿಗೆ ಬದಲಾಗಿ ಒಂದು ಬಿಂದುವಿನಿಂದ ಮುಂದಿನದಕ್ಕಿರುವ ಏರಿಕೆಗಳನ್ನೇ ನಿಯತಾಂಕಗಳನ್ನಾಗಿ ಮಾಡಿ, ಅವಕ್ಕೆ ಸೊನ್ನೆಯ ಕೆಳಮಿತಿ ಕೊಟ್ಟರೆ, ಏರುವ ಗೆರೆ ಏರುತ್ತಲೇ ಇರುತ್ತದೆ. ಮೂರನೆಯದು ದತ್ತಾಂಶ ತಲುಪದ ಜಾಗ. ಇತಿಹಾಸದಲ್ಲಿ ಅನುಪಾತ 0.8ರಿಂದ 1.3ರ ವರೆಗೆ ಮಾತ್ರ ಓಡಾಡಿದ್ದರೆ, 2ರ ಬಳಿ ಇರುವ ಬಿಂದುವಿನ ಬಗ್ಗೆ ದತ್ತಾಂಶ ಮೌನವಾಗಿದೆ. ಆಪ್ಟಿಮೈಸರ್ ಅಲ್ಲಿಗೆ ಯಾವ ಬೆಲೆ ಕೊಟ್ಟರೂ ಅದಕ್ಕೆ ಆಧಾರವಿಲ್ಲ. ನೀತಿಯ ಹುಡುಕಾಟ ಮಾದರಿಯನ್ನು ಕೊಂಡೊಯ್ಯುವುದು ಅನೇಕ ಸಲ ಆ ಪ್ರದೇಶಕ್ಕೇ. ಆದ್ದರಿಂದ ಅಂತಹ ಬಿಂದುಗಳನ್ನು ತರ್ಕದಿಂದ ನಿಲ್ಲಿಸಿ, ಹೊಂದಾಣಿಕೆಯಿಂದ ಹೊರಗಿಡಬೇಕು.

ಇನ್ನು ನಿರ್ಧಾರದ ಲುಕಪ್. ಜಲಾಶಯದ ಬಿಡುಗಡೆಯ ನಿಯಮವನ್ನು ಆಪ್ಟಿಮೈಸರ್‌ನಿಂದ ಹುಡುಕಿಸುವಾಗ, ಬರುವ ಗೆರೆಯ ಆಕಾರವನ್ನು ಬಹುಮಟ್ಟಿಗೆ ನಿರ್ಧರಿಸುವುದು ನಾವು ಬರೆದ ಗುರಿ. ಕೊರತೆಯನ್ನು ನೇರವಾಗಿ ಕೂಡಿಸಿ ಕಡಿಮೆ ಮಾಡಲು ಹೇಳಿದರೆ, ನಾಲ್ಕು ತಿಂಗಳು ಶೇ. 25ರಂತೆ ಕೊರತೆಯಾಗುವುದೂ ಒಂದು ತಿಂಗಳು ನೀರೇ ಇಲ್ಲದಿರುವುದೂ ಸಮವಾಗುತ್ತವೆ. ಎರಡರ ಮೊತ್ತವೂ 1. ಆಗ ನೀರಿರುವ ತನಕ ಬೇಡಿಕೆಯನ್ನು ಪೂರ್ತಿ ಪೂರೈಸುತ್ತ ಹೋಗುವುದೇ ಉತ್ತಮವೆಂಬ ನಿಯಮ ಬರುತ್ತದೆ. ಕೊರತೆಯ ವರ್ಗವನ್ನು ಕೂಡಿಸಿದರೆ ಮೊದಲನೆಯದು 0.25, ಎರಡನೆಯದು 1. ಈಗ ಸಂಗ್ರಹ ಇನ್ನೂ ಸಾಕಷ್ಟಿರುವಾಗಲೇ ಬಿಡುಗಡೆಯನ್ನು ಸ್ವಲ್ಪ ತಗ್ಗಿಸುವ ಮುಂಜಾಗ್ರತೆಯ ನಿಯಮ ಮೂಡುತ್ತದೆ. ಜಲ ನಿರ್ವಹಣೆಯಲ್ಲಿ ಇದನ್ನು ಹೆಡ್ಜಿಂಗ್ ಎನ್ನುತ್ತಾರೆ. ಹಾಗಾಗಿ ಹುಡುಕಾಟ ಆರಂಭಿಸುವ ಮೊದಲು, ಯಾವ ಬಗೆಯ ಕಷ್ಟವನ್ನು ನಾವು ಹೆಚ್ಚು ಭಾರವೆಂದು ಎಣಿಸುತ್ತೇವೆ ಎಂಬುದನ್ನು ನೀರನ್ನು ಬಳಸುವವರೊಡನೆ ಕುಳಿತು ತೀರ್ಮಾನಿಸಬೇಕು. ಇದು ಗಣಿತದ ತೀರ್ಮಾನವಲ್ಲ. ಅದನ್ನು ಮಾದರಿಕಾರನೊಬ್ಬನೇ ಕೈಗೊಳ್ಳುವುದು ನ್ಯಾಯವೂ ಅಲ್ಲ.

ಅವಧಿಯ ಕೊನೆಯನ್ನೂ ಗಮನಿಸಬೇಕು. 10 ವರ್ಷಗಳ ಓಟದಲ್ಲಿ ಕೊನೆಯ ದಿನದ ಆಚೆಗೆ ಮಾದರಿಗೆ ಲೋಕವೇ ಇಲ್ಲ; ಉಳಿದ ನೀರಿಗೆ ಬೆಲೆಯೂ ಇಲ್ಲ. ಕಾಲದೊಡನೆ ಬದಲಾಗುವ ನೀತಿಯನ್ನು ಹುಡುಕಿಸಿದರೆ, ಕೊನೆಯ ತಿಂಗಳುಗಳಲ್ಲಿ ಜಲಾಶಯ ಬರಿದಾಗುವುದನ್ನು ಕಾಣಬಹುದು. ಕೆಲಸದ ಅವಧಿಯ ಉದಾಹರಣೆಯಲ್ಲೂ ಹೀಗೆಯೇ: ದಣಿವನ್ನು ಕೆಲವು ವಾರಗಳ ಸರಾಸರಿಯಾಗಿ ಮಾದರಿಗೆ ಸೇರಿಸಿದ್ದರೆ, ಕೊನೆಯ ವಾರಗಳಲ್ಲಿ ತಂಡವನ್ನು ವಿಪರೀತ ದುಡಿಸಿ, ದಣಿವಿನ ಹೊರೆಯನ್ನು ಓಟ ಮುಗಿದ ಮೇಲಿನ ಕಾಲಕ್ಕೆ ತಳ್ಳುವುದು ಲಾಭದಾಯಕವೆನಿಸುತ್ತದೆ. ಅಂತಿಮ ಸಂಚಯಗಳಿಗೆ ಗುರಿಯಲ್ಲಿ ಒಂದು ಬೆಲೆ ಕಟ್ಟುವುದು, ಇಲ್ಲವೇ ಓಟವನ್ನು ಇನ್ನಷ್ಟು ಉದ್ದ ಮಾಡಿ ಗುರಿಯನ್ನು ಮೊದಲ ಭಾಗಕ್ಕಷ್ಟೇ ಲೆಕ್ಕ ಹಾಕುವುದು ಎಂಬ ಎರಡು ದಾರಿಗಳಲ್ಲಿ ನಾನು ಮೊದಲನೆಯದನ್ನು ಮೆಚ್ಚುತ್ತೇನೆ. ಎರಡನೆಯದರಲ್ಲಿ, ಲೆಕ್ಕಕ್ಕೆ ಬಾರದ ಭಾಗಕ್ಕೆ ಹೊರೆಯನ್ನು ದಾಟಿಸುವ ಅವಕಾಶ ಹಾಗೆಯೇ ಉಳಿಯುತ್ತದೆ.

ಕೊನೆಯದಾಗಿ, ಹುಡುಕಿದ ನಿಯಮವನ್ನು ಪರೀಕ್ಷಿಸುವ ಬಗೆ. ಜಲಾಶಯಕ್ಕೆ ಹರಿದುಬಂದ ನೀರಿನ ಒಂದೇ ಒಂದು ದಾಖಲೆಯನ್ನಿಟ್ಟುಕೊಂಡು ಎಂಟು ಬಿಂದುಗಳ ಬಿಡುಗಡೆಯ ಕೋಷ್ಟಕವನ್ನು ಹುಡುಕಿಸಿದರೆ, ಅದು ಆ ದಾಖಲೆಯ ಬರಗಳನ್ನು ಬಾಯಿಪಾಠ ಮಾಡಿಕೊಂಡಿರುತ್ತದೆ. ದಾಖಲೆಯ ಒಂದು ಭಾಗವನ್ನು ಮೊದಲೇ ತೆಗೆದಿಟ್ಟು ಅದರ ಮೇಲೆ ನಿಯಮವನ್ನು ಓಡಿಸಬೇಕು. ಹರಿದುಬರುವ ನೀರಿನ ಸರಾಸರಿ, ಏರಿಳಿತ, ಒಂದು ತಿಂಗಳಿಗೂ ಮುಂದಿನದಕ್ಕೂ ಇರುವ ನಂಟು ಇವನ್ನು ಉಳಿಸಿಕೊಂಡು ಕೃತಕವಾಗಿ ಸೃಷ್ಟಿಸಿದ ನೂರಾರು ಸರಣಿಗಳ ಮೇಲೂ ಓಡಿಸಬೇಕು. ಪ್ರತಿ ಓಟದಲ್ಲೂ ಕೋಷ್ಟಕದ ಯಾವ ತುಂಡು ಎಷ್ಟು ಕಾಲ ಬಳಕೆಯಾಯಿತೆಂದು ಎಣಿಸಿ, ಗೆರೆಯ ಕೆಳಗೆ ಒಂದು ಸ್ತಂಭಚಿತ್ರವಾಗಿ ಬಿಡಿಸಿ. ಹುಡುಕಾಟದ ದಾಖಲೆಯಲ್ಲಿ ಒಂದೆರಡು ಸಲವಷ್ಟೇ ಮುಟ್ಟಿದ, ಆದರೆ ಕೃತಕ ಸರಣಿಗಳಲ್ಲಿ ಮತ್ತೆ ಮತ್ತೆ ಬಳಕೆಯಾಗುವ ತುಂಡು ಎಲ್ಲಿದೆಯೋ, ಅಲ್ಲಿನ ಎತ್ತರಗಳನ್ನು ಆಪ್ಟಿಮೈಸರ್ ಹೇಳಿದಂತೆ ಬಿಡದೆ, ನಿರ್ವಾಹಕರೊಡನೆ ಚರ್ಚಿಸಿ ಮತ್ತೆ ಬರೆಯಬೇಕಾಗುತ್ತದೆ.